ಸತ್ಯಾಂಶ: 3+ ಇದ್ದರೆ ಸಾಕೇ?

ಕಲಬುರಗಿಯ ಪಾಲಕರ ವಾಟ್ಸ್ಆ್ಯಪ್ ಗ್ರೂಪ್‌ಗಳಲ್ಲಿ ಓಡಾಡುವ ಮಾತು: "ಕ್ರಿಕೆಟ್, ಫುಟ್‌ಬಾಲ್ ಗೇಮ್‌ಗೆ ಪ್ಲೇ ಸ್ಟೋರ್‌ನಲ್ಲಿ 3+ (ಮೂರು ವರ್ಷ ಮೇಲ್ಪಟ್ಟವರಿಗೆ) ಅಂತಿದ್ದರೆ ಕಣ್ಣು ಮುಚ್ಚಿ ಮಕ್ಕಳಿಗೆ ಕೊಡಿ." ಇದು ಅರ್ಧ ಸತ್ಯ.

ಪ್ಲೇ ಸ್ಟೋರ್‌ನ 3+ ಅಂದರೆ ಹೆದರಿಸುವಂಥದ್ದು, ಬೈಗುಳ ಇಲ್ಲ ಅಂತ ಅಷ್ಟೇ. ಆಟ ಸುಲಭವೋ ಕಷ್ಟವೋ ಅದು ಹೇಳಲ್ಲ. ದುಡ್ಡಿನ ವಿಷಯ ಬೇರೆ ಕಡೆ ಇರುತ್ತದೆ: ಗೇಮ್ ಹೆಸರಿನ ಕೆಳಗೆ ಸಣ್ಣಕ್ಷರದಲ್ಲಿ, ಜಾಹೀರಾತು ಇದೆ, ಆ್ಯಪ್ ಒಳಗೆ ಖರೀದಿ ಇದೆ ಅಂತ. ನಿಜಕ್ಕೂ ನೋಡಬೇಕಾದ್ದು ಅದನ್ನೇ. ಕೆಲವು ಫುಟ್‌ಬಾಲ್ ಗೇಮ್‌ಗಳಲ್ಲಿ ಆಟಗಾರರ ಪ್ಯಾಕ್ ಮಾರುತ್ತಾರೆ. ಒಳಗೆ ಯಾರಿದ್ದಾರೆ ಅಂತ ಕೊಂಡ ಮೇಲೇ ಗೊತ್ತಾಗೋದು. ಬೆಲ್ಜಿಯಂನ ಜೂಜು ನಿಯಂತ್ರಣ ಆಯೋಗ 2018ರಲ್ಲೇ ಇಂಥದ್ದನ್ನು ಜೂಜು ಅಂದಿತು. ಮಕ್ಕಳ ಕೈಗೆ ಇದು ಬೇಡವೇ ಬೇಡ.

ಪ್ರತಿ ಖರೀದಿಗೂ ಪಾಸ್‌ವರ್ಡ್ ಕೇಳುವಂತೆ ಪ್ಲೇ ಸ್ಟೋರ್ ಸೆಟ್ಟಿಂಗ್ಸ್‌ನಲ್ಲಿ ಮಾಡಿಡಿ. ಮೊದಲು ಅರ್ಧ ತಾಸು ಜೊತೆಗೆ ಕೂತು ನೀವೂ ಆಡಿ.