ರಚನೆ ಸಿಕ್ಕಿತು, ಆದರೆ ಕೆಲಸ ತಿಳಿಯಿತಾ?

'1994ರಲ್ಲಿ ಹ್ಯಾಮರ್‌ಹೆಡ್ ರೈಬೋಜೈಮ್‌ನ ಸ್ಫಟಿಕ ರಚನೆ ಸಿಕ್ಕಿತು, ಅದು ಕೆಲಸ ಮಾಡುವ ಬಗೆಯೂ ತಿಳಿಯಿತು' ಅಂತ ನಿಮ್ಮ ಲೇಖನದಲ್ಲಿ ಬರೆದಿದ್ದೀರಿ. ರೈಬೋಜೈಮ್ ಅಂದರೆ ಕಿಣ್ವದಂತೆ ಕೆಲಸ ಮಾಡುವ ಆರ್‌ಎನ್‌ಎ; ಇದು ತನ್ನ ಸರಪಳಿಯನ್ನು ತಾನೇ ಕತ್ತರಿಸಿಕೊಳ್ಳುತ್ತದೆ. ನಿಮ್ಮ ಮಾತಿನ ಮೊದಲರ್ಧ ಸರಿ. ಎರಡನೆಯದನ್ನು ಒಪ್ಪುವುದು ಕಷ್ಟ. ಆಗ ನೋಡಿದ್ದು ಕತ್ತರಿಸಿ ಚಿಕ್ಕದು ಮಾಡಿದ ಅಣು. ಅದು ತನ್ನನ್ನು ತಾನೇ ತುಂಡು ಮಾಡಿಕೊಳ್ಳಬಾರದು ಅಂತ ಒಂದು ಎಳೆಯನ್ನು ಡಿಎನ್ಎಯಿಂದ ಮಾಡಿದ್ದರು. ಮರುವರ್ಷ ಪೂರ್ತಿ ಆರ್‌ಎನ್‌ಎ ರಚನೆಯೂ ಬಂತು, ಆದರೆ ಗೊಂದಲ ಹಾಗೇ ಉಳಿಯಿತು. ಸರಪಳಿ ತುಂಡಾಗಬೇಕಾದರೆ ಸಿ17ರ (17 ಅಂತ ಸಂಖ್ಯೆ ಕೊಟ್ಟ ಸಿ ಕೊಂಡಿಯ) ಸಕ್ಕರೆ ಭಾಗದಲ್ಲಿರುವ 2' ಆಮ್ಲಜನಕ, ಪಕ್ಕದ ರಂಜಕ, ಬಿಟ್ಟುಹೋಗುವ ಆಮ್ಲಜನಕ ಮೂರೂ ಹೆಚ್ಚುಕಡಿಮೆ ಒಂದೇ ಸಾಲಿನಲ್ಲಿ ಇರಬೇಕು. ಆ ಚಿತ್ರಗಳಲ್ಲಿ ಇರಲಿಲ್ಲ. ಜೀವರಸಾಯನದ ಪ್ರಯೋಗಗಳು ಒಂದು ಹೇಳಿದರೆ, ಚಿತ್ರ ಇನ್ನೊಂದು ಹೇಳುತ್ತಿತ್ತು. ಈ ಜಗಳ ಹತ್ತು ವರ್ಷಕ್ಕೂ ಜಾಸ್ತಿ ನಡೆಯಿತು!

ಇದನ್ನು ಬಿಡಿಸಿದ್ದು 2006ರಲ್ಲಿ ಮಾರ್ಟಿಕ್ ಮತ್ತು ಸ್ಕಾಟ್ ಎಂಬ ವಿಜ್ಞಾನಿಗಳು. ಅವರು ತೆಗೆದುಕೊಂಡದ್ದು ಶಿಸ್ಟೋಸೋಮಾ ಹುಳುವಿನ ಪೂರ್ಣ ಉದ್ದದ ರೈಬೋಜೈಮ್. ಬೇಡ ಅಂತ ಹಿಂದೆ ಕತ್ತರಿಸಿ ಎಸೆದಿದ್ದ ತುದಿಗಳೇ ಅದರಲ್ಲಿ ಒಂದನ್ನೊಂದು ಹಿಡಿದುಕೊಂಡು, ದೂರದಲ್ಲಿರುವ ಕತ್ತರಿಸುವ ಜಾಗವನ್ನು ಸರಿಯಾದ ಭಂಗಿಗೆ ತರುತ್ತಿದ್ದವು. ಜಿ12, ಜಿ8 ಕೊಂಡಿಗಳೆರಡೂ ಆಮ್ಲ-ಪ್ರತ್ಯಾಮ್ಲದ ಕೆಲಸಕ್ಕೆ (ಪ್ರೋಟಾನ್ ಕೊಟ್ಟು, ತೆಗೆದುಕೊಂಡು ಕತ್ತರಿಸಲು ನೆರವಾಗುವುದಕ್ಕೆ) ಒಪ್ಪುವ ಜಾಗದಲ್ಲೇ ಕಂಡವು. ನಿಜ, ಇಲ್ಲೂ 2' ಆಮ್ಲಜನಕಕ್ಕೆ ಮೀಥೈಲ್ ಗುಂಪು ಹಚ್ಚಿ ಕತ್ತರಿ ಆಡದಂತೆ ತಡೆದಿದ್ದರು. ಆದರೂ ಚಿತ್ರ ಮತ್ತು ಪ್ರಯೋಗ ಕೊನೆಗೂ ಹೊಂದಿಕೊಂಡವಲ್ವಾ? 1994ರ ಜೊತೆ ಈ 2006ರ ಕಥೆಯನ್ನೂ ಲೇಖನಕ್ಕೆ ಸೇರಿಸಿ.