ಸತ್ಯಾಂಶ: ವೆಲ್ವಿಚಿಯಾಕ್ಕೆ ಹೆಸರಿಟ್ಟವರು ಯಾರು?

ನಮೀಬ್ ಮರುಭೂಮಿಯಲ್ಲಿ ಎರಡೇ ಎಲೆಗಳೊಂದಿಗೆ ನೂರಾರು ವರ್ಷ ಬದುಕುವ ವೆಲ್ವಿಚಿಯಾ ಗಿಡಕ್ಕೆ, ಅದನ್ನು ಕಂಡ ಯುರೋಪಿನ ವಿಜ್ಞಾನಿ ಸ್ಥಳೀಯ ಹೆಸರನ್ನು ಅಳಿಸಿ ತನ್ನ ಹೆಸರನ್ನೇ ಇಟ್ಟುಕೊಂಡನೆಂಬ ಸಂದೇಶ ಹರಿದಾಡುತ್ತಿದೆ. ಇದು ಸರಿಯಲ್ಲ. 1859ರಲ್ಲಿ ಅಂಗೋಲಾದ ದಕ್ಷಿಣ ಭಾಗದಲ್ಲಿ ಈ ಗಿಡವನ್ನು ಕಂಡ ಫ್ರೆಡ್ರಿಕ್ ವೆಲ್ವಿಚ್, ಅಲ್ಲಿನ ಜನರ ಬಾಯಲ್ಲಿದ್ದ ಹೆಸರನ್ನೇ ಆಧರಿಸಿ ‘ತುಂಬೋವಾ’ ಎಂದು ಸೂಚಿಸಿದ್ದರು. ಅವರ ಗೌರವಾರ್ಥ ‘ವೆಲ್ವಿಚಿಯಾ ಮಿರಾಬಿಲಿಸ್’ ಎಂದು ಹೆಸರಿಸಿದವರು ಲಂಡನ್ನಿನ ಕ್ಯೂ ಸಸ್ಯೋದ್ಯಾನದ ಜೋಸೆಫ್ ಹೂಕರ್. ‘ವೆಲ್ವಿಚಿಯಾ’ ಎಂಬ ಕುಲನಾಮವನ್ನು, ಅಂದರೆ ಸಸ್ಯದ ಹೆಸರಿನ ಮೊದಲ ಪದವನ್ನು, 1837ರಲ್ಲೇ ಬೇರೊಂದು ಸಸ್ಯಕ್ಕೆ ಬಳಸಲಾಗಿದ್ದರಿಂದ, ನಿಯಮದಂತೆ ಬಿದ್ದುಹೋಗಬೇಕಿದ್ದ ಹೂಕರರ ಹೆಸರನ್ನು ಸಸ್ಯವಿಜ್ಞಾನಿಗಳು ವಿಶೇಷ ನಿರ್ಣಯದ ಮೂಲಕ ಉಳಿಸಿಕೊಂಡರು. ಸ್ಥಳೀಯ ಹೆಸರು ಉಳಿಯಲಿಲ್ಲವೆಂಬ ಕೊರಗು ನ್ಯಾಯವಾದದ್ದೇ. ಆದರೆ ಅದರ ಹೊಣೆಯನ್ನು ವೆಲ್ವಿಚರ ಮೇಲೆ ಹೊರಿಸುವುದು ಅನ್ಯಾಯ.

ಹೊಸ ಜಾತಿಗೆ ಹೆಸರಿಡುವಾಗ ಆಧಾರವಾಗಿಟ್ಟುಕೊಳ್ಳುವ ಸಸ್ಯದ ಮಾದರಿಯನ್ನು ಮೂಲ ಮಾದರಿ ಎನ್ನುತ್ತಾರೆ; ಅದು ಆ ಜಾತಿಯ ಅತ್ಯುತ್ತಮ ಗಿಡವೆಂಬ ಮಾತೂ ತಪ್ಪು. ಅದು ಹೆಸರನ್ನು ಒಂದೆಡೆ ಕಟ್ಟಿಹಾಕುವ ಗೂಟ ಮಾತ್ರ. 2001ರಲ್ಲಿ ಸಸ್ಯವಿಜ್ಞಾನಿ ಬೀಟ್ ಲ್ಯೂಯೆನ್‌ಬರ್ಗರ್ ಅವರು ಗಂಡು ಶಂಕುಗಳ (ಪರಾಗ ಬಿಡುವ ಅಂಗಗಳ) ವ್ಯತ್ಯಾಸವನ್ನು ಗುರುತಿಸಿ ನಮೀಬಿಯಾದ ಗಿಡಗಳನ್ನು ಅದೇ ಜಾತಿಯೊಳಗಿನ ಉಪಪ್ರಭೇದವಾಗಿ ಬೇರ್ಪಡಿಸಿದಾಗ, ಮೂಲ ಮಾದರಿ ಅಂಗೋಲಾದ್ದಾಗಿದ್ದರಿಂದ ‘ಮಿರಾಬಿಲಿಸ್’ ಎಂಬ ಉಪಪ್ರಭೇದದ ಹೆಸರು ಅಲ್ಲಿನ ಗಿಡಗಳಿಗೇ ಉಳಿಯಿತು. ನಮೀಬಿಯಾದವು ‘ನಮೀಬಿಯಾನಾ’ ಎಂಬ ಹೊಸ ಹೆಸರನ್ನು ಪಡೆದವು.