ಎರಡು ಸರ್ವರ್, ಒಂದು ಕೇಬಲ್ಲು, ಮಧ್ಯೆ ನಾನು

ಆಫೀಸಿನ ಫೈಲ್ ಸರ್ವರ್ ನನ್ನ ತಲೆಗೆ ಬಂದಿದ್ದು ಹೇಗಂದ್ರೆ, ಒಂದ್ಸಲ ಯಾರದ್ದೋ ಪ್ರಿಂಟರ್ ಆಫ್ ಮಾಡಿ ಆನ್ ಮಾಡಿದ್ದೆ, ಸರಿಹೋಯ್ತು. ಅಷ್ಟೇ ನನ್ನ ಕ್ವಾಲಿಫಿಕೇಶನ್ನು.

ಸರ್ವರಲ್ಲಿ ರೈಡ್ 1 ಇತ್ತು, ಎರಡು ಡಿಸ್ಕಲ್ಲೂ ಅದೇ ಡೇಟಾ, ಒಂದು ಹೋದ್ರೂ ಇನ್ನೊಂದಿದೆ ಅಂತ ಕಂಡೋರ ಹತ್ರೆಲ್ಲ ಕೊಚ್ಕೊಳ್ತಿದ್ದೆ. ಹೋಗಿದ್ದು ಮದರ್‌ಬೋರ್ಡು. ಡಿಸ್ಕ್ ಎರಡೂ ಗುಂಡುಕಲ್ಲಿನ ಹಾಗೆ ಕೂತಿದ್ವು, ತೆಗೆದು ನೋಡೋಕೆ ಮಾತ್ರ ಗತಿ ಇಲ್ಲ.

ಇನ್ನೊಂದು ಸರ್ವರ್ ತರಿಸಿದೆ. ಗಂಟೆಗೊಂದ್ಸಲ ಆರ್‌ಸಿಂಕ್ ಅನ್ನೋ ಕಾಪಿ ಮಾಡೋ ಪ್ರೋಗ್ರಾಮ್ ಓಡಿ ಒಂದನೇದರ ಫೈಲೆಲ್ಲ ಎರಡನೇದಕ್ಕೆ ಹೋಗ್ಬೇಕು. ಒಂದಿನ 11:55ಕ್ಕೆ ಒಂದನೇದು ಮಲಗ್ತು, ಕಾಪಿ ಆಗಿದ್ದು 11ಕ್ಕೆ, ಐವತ್ತೈದು ನಿಮಿಷದ ಕೆಲಸ ತಾನೇ ಅಂದ್ಬಿಟ್ಟೆ, ಅನ್ನಬಾರದಿತ್ತು. ಎಲ್ಲರನ್ನೂ ಒಬ್ಬೊಬ್ಬರನ್ನಾಗಿ ಎರಡನೇದಕ್ಕೆ ಕನೆಕ್ಟ್ ಮಾಡಿಸಿ ಉಸ್ಸಪ್ಪಾ ಅಂತ ಕೂತೆ. ಎರಡು ದಿನ ಬಿಟ್ಟು ಒಂದನೇದು ರಿಪೇರಿಯಾಗಿ ಬಂತಲ್ಲ, ಬಂದ ತಕ್ಷಣ ಆರ್‌ಸಿಂಕ್ ತನ್ನ ಪಾಡಿಗೆ ನಿಯತ್ತಾಗಿ ಎದ್ದು ಅದರ ಹಳೇ ಫೈಲ್‌ಗಳನ್ನ ಎರಡನೇದರ ಹೊಸ ಫೈಲ್ ಮೇಲೆ ಬರೆದು ಮುಗಿಸ್ತು. ಆಮೇಲೆ ಬಂದ ಕಾಲ್‌ಗಳಿಗೆ ನನ್ನ ಫೋನ್ ಬ್ಯಾಟರಿ ಬೆಳಿಗ್ಗೆ ಹತ್ತಕ್ಕೇ ಖಾಲಿ ಆಗ್ತಿತ್ತು.

ಸರ್ವರ್ ಎರಡಿದ್ರೆ ಸಾಲದು, ಒಂದಕ್ಕೊಂದು ಪರಿಚಯ ಇರ್ಬೇಕು ಅಂತ ಆಗ ಹೊಳೀತು. ಕ್ಲಸ್ಟರ್ ಮಾಡಿದೆ. ಹೊರಗಿನವರಿಗೆ ಕಾಣೋದು ಒಂದೇ ಐಪಿ ಅಡ್ರೆಸ್ಸು, ಫೈಲ್ ಸೇವ್ ಮಾಡಿದ್ರೆ ಎರಡೂ ಕಡೆ ಒಟ್ಟಿಗೇ ಬರೀತದೆ, ಎರಡೂ ಹಾರ್ಟ್‌ಬೀಟ್ ಕಳಿಸ್ತಾ ನೀನಿದೀಯಾ ನಾನಿದೀನಿ ಅಂತಿರ್ತವೆ, ಒಂದು ಸುಮ್ಮನಾದ್ರೆ ಇನ್ನೊಂದು ಯಜಮಾನಿಕೆ ವಹಿಸ್ಕೊಳ್ತದೆ. ನೋಡೋಕೆ ಎಷ್ಟು ಚಂದ! ರ್‍ಯಾಕ್ ಹಿಂದಿನ ವೈರಿನ ಗೋಜಲು ಒಂದೇ ಕಣ್ಣಿಗೆ ಚುಚ್ತಿತ್ತು. ನೀಟ್ ಮಾಡೋಣ ಅಂತ ಹೋಗಿ ಹಾರ್ಟ್‌ಬೀಟ್ ಕೇಬಲ್ಲನ್ನೇ ಕಿತ್ತೆ.

ಇದು ಅದು ಸತ್ತೋಯ್ತು ಅಂದ್ಕೊಳ್ತು, ಅದು ಇದು ಸತ್ತೋಯ್ತು ಅಂದ್ಕೊಳ್ತು. ಎರಡೂ ಯಜಮಾನರೇ. ಅರ್ಧ ಆಫೀಸು ಇದರಲ್ಲಿ ಬರೀತು, ಅರ್ಧ ಅದರಲ್ಲಿ. ಇದಕ್ಕೆ ಸ್ಪ್ಲಿಟ್ ಬ್ರೇನ್ ಅಂತಾರಂತೆ, ಮತ್ತೆ ಒಂದು ಮಾಡ್ಬೇಕಂದ್ರೆ ಯಾವುದಾದ್ರೂ ಒಂದರ ಬದಲಾವಣೆ ಎಸೀಬೇಕು. ಯಾರದ್ದು ಎಸೆದೆ ಅಂತ ಇವತ್ತಿಗೂ ಬಾಯಿಬಿಟ್ಟಿಲ್ಲ.

ಇದಕ್ಕೆ ಮದ್ದಿನ ಹೆಸರು ಸ್ಟೋನಿತ್. ಅರ್ಥ, ಪಕ್ಕದ ನೋಡ್‌ನ (ಅಂದ್ರೆ ಕ್ಲಸ್ಟರಿನ ಇನ್ನೊಂದು ಸರ್ವರ್‌ನ) ತಲೆಗೆ ಗುಂಡು ಹಾಕು. ನಾನ್ ಹೇಳ್ತಿರೋದಲ್ಲ, ಪೂರ್ತಿ ಹೆಸರೇ ಹಾಗಿದೆ. ಡೌಟ್ ಬಂದ್ರೆ ಇನ್ನೊಂದರ ಪವರ್ ಕಟ್ ಮಾಡಿ ತಾನೊಬ್ಬನೇ ಉಳ್ಕೊಳ್ಳೋದು. ಟೆಸ್ಟ್ ಮಾಡಿದೆ. ಎರಡಕ್ಕೂ ಒಂದೇ ಕ್ಷಣದಲ್ಲಿ ಡೌಟ್ ಬಂದು ಎರಡೂ ಎರಡನ್ನೂ ಉರುಳಿಸಿದ್ವು.

ಕೊನೆಗೆ ಪಂಚಾಯ್ತಿಗೆ ಮೂರನೇದೊಂದು ಪುಟ್ಟ ಮಷೀನು. ಫೈಲ್ ಇಡಲ್ಲ, ಬರೀ ವೋಟ್ ಹಾಕ್ತದೆ, ಮೂರರಲ್ಲಿ ಎರಡು ವೋಟ್ ಇದ್ದೋರೇ ಯಜಮಾನ. ನಾಲ್ಕು ತಿಂಗಳು ಒಂದು ಕಂಪ್ಲೇಂಟ್ ಇಲ್ಲ.

ನಿನ್ನೆ ಮೂರೂ ಒಟ್ಟಿಗೆ ಆಫ್. ಮೂರೂ ಒಂದೇ ಎಕ್ಸ್‌ಟೆನ್ಶನ್ ಬೋರ್ಡಲ್ಲಿದ್ವು, ಆ ಬೋರ್ಡಿನ ಪ್ಲಗ್ಗನ್ನ ಯಾರೋ ಗೋಡೆಯಿಂದ ಕಿತ್ತಿದ್ರು. ಯಾರು ಅಂತ ವಿಚಾರಣೆ ನಾನೇ ಮಾಡ್ತಿದೀನಿ. ನನ್ನ ಫೋನ್ ಮಾತ್ರ ನೂರು ಪರ್ಸೆಂಟ್ ಚಾರ್ಜ್ ಆಗಿದೆ.